ಸಾಂಬ್ರಾಣಿ ಹೊಗೆ ಹಾಕಿದ ಮೇಲೆ ಲಿಂಕನ್ ಕಣ್ಣು ಮುಚ್ಚಿತು: ನನ್ನ ಅನುಭವ

ನನ್ನ 1979ರ ಲಿಂಕನ್ ಕಾಂಟಿನೆಂಟಲ್ ಟೌನ್ ಕಾರ್ ಹೋದ ತಿಂಗಳು 9 ದಿನ ಗ್ಯಾರೇಜಿನಲ್ಲಿ ಕಣ್ಣು, ಅಂದರೆ ಹೆಡ್‌ಲೈಟಿನ ಮುಚ್ಚಳ, ಮುಚ್ಚಿಕೊಂಡೇ ನಿಂತಿತ್ತು. ಇದನ್ನು ಬರೆಯುತ್ತಿರುವುದೇ ಆ ಖುಷಿಗೆ.

ಈ ಗಾಡಿ ಇಟ್ಟುಕೊಂಡವರಿಗೆ ರೋಗ ಗೊತ್ತಿರುತ್ತದೆ. ಹೆಡ್‌ಲೈಟಿನ ಮುಚ್ಚಳವನ್ನು ಮುಚ್ಚಿ ಹಿಡಿಯುವುದು ವ್ಯಾಕ್ಯೂಮ್, ಅಂದರೆ ಇಂಜಿನ್ ಗಾಳಿ ಎಳೆದುಕೊಂಡು ಪೈಪಿನೊಳಗೆ ಮಾಡುವ ನಿರ್ವಾತ. ಎಲ್ಲಾದರೂ ಲೀಕ್ ಇದ್ದರೆ ಇಂಜಿನ್ ಆಫ್ ಮಾಡಿದ ಸ್ವಲ್ಪ ಹೊತ್ತಿಗೆ ಸ್ಪ್ರಿಂಗ್ ಗೆದ್ದು ಮುಚ್ಚಳ ತೆರೆದುಕೊಳ್ಳುತ್ತದೆ. ನನ್ನದು 20 ನಿಮಿಷಕ್ಕೇ ತೆರೆಯುತ್ತಿತ್ತು. ಅದೂ ಎಡಗಣ್ಣು ಮೊದಲು. ಇಂಡಿಯನ್ ಸ್ಟೋರಿಗೆ ಹೋಗಿ ಕೊತ್ತಂಬರಿ ಸೊಪ್ಪು ತಗೊಂಡು ಬರುವಷ್ಟರಲ್ಲಿ ಗಾಡಿ ನಿದ್ದೆಗೆಟ್ಟ ಕುಡುಕನ ಹಾಗೆ ಒಂದು ಕಣ್ಣಲ್ಲಿ ನನ್ನನ್ನು ನೋಡುತ್ತಿತ್ತು.

ಎಲ್ಲರೂ ಹೇಳಿದ್ದು ಎರಡೇ ಮಾತು. ತೆರೆದಿಟ್ಟು ಲಾಕ್ ಮಾಡಿಬಿಡು, ಇಲ್ಲಾ ಎಲೆಕ್ಟ್ರಿಕ್ ಮೋಟರ್ ಹಾಕು. 45 ವರ್ಷದ ರಬ್ಬರಿನ ಪೈಪ್, ಅದನ್ನು ಯಾರು ಹುಡುಕ್ತಾರೆ ಅಂತ. ನನಗೆ ಹಟ ಬಂತು.

ಮೊದಲು ಗಾಡಿಯ ವಿಷಯ ಸ್ವಲ್ಪ. ಇರುವುದು ಮಿಷಿಗನ್‌ನಲ್ಲಿ, ಡೆಟ್ರಾಯಿಟ್ ಪಕ್ಕ. ಕೊಂಡಾಗ ಸುಮಾರು 6,500 ಡಾಲರ್ ಕೊಟ್ಟೆ. ಚಾಸಿಸ್ ನಂಬರಿನಲ್ಲಿ 9 ಆದ ಮೇಲೆ ವೈ ಅಂತ ಇದೆ. ಅಂದರೆ ವಿಕ್ಸಮ್ ಫ್ಯಾಕ್ಟರಿಯದು. 2007ರಲ್ಲಿ ಮುಚ್ಚಿದ ಆ ಫ್ಯಾಕ್ಟರಿ ಇದ್ದ ಜಾಗ ನಮ್ಮ ಮನೆಯಿಂದ ಅರ್ಧ ಗಂಟೆಯೂ ಇಲ್ಲ. ತವರು ಬಿಟ್ಟು ದೂರ ಹೋಗದ ಹೆಣ್ಣುಮಗಳು. 1980ರಿಂದ ಲಿಂಕನ್ ಕೂಡ ಚಿಕ್ಕದಾಯಿತು, ಹಾಗಾಗಿ ದೊಡ್ಡವರ ಪೈಕಿ ಇದೇ ಕೊನೆಯದು. ಉದ್ದ 233 ಇಂಚು. ನಮ್ಮಪ್ಪನ ಅಂಬಾಸಿಡರ್ ಪಕ್ಕ ನಿಲ್ಲಿಸಿದರೆ ಐದು ಅಡಿ ಮುಂದೆ ಹೋಗುತ್ತಿತ್ತು. ನನ್ನ ಗ್ಯಾರೇಜಿನ ಆಳ 20 ಅಡಿ. ಬಾಗಿಲು ಹಾಕಿದ ಮೇಲೆ ಉಳಿಯುವುದು ಒಂದು ಗೇಣು. ಎದುರು ಗೋಡೆಯ ಶೆಲ್ಫ್ ಕಿತ್ತು ಹಾಕಿದ್ದೇನೆ, ಚಾವಣಿಯಿಂದ ಟೆನಿಸ್ ಬಾಲ್ ನೇತು ಹಾಕಿದ್ದೇನೆ. ಬಾಲ್ ಗಾಜಿಗೆ ತಾಗಿದರೆ ನಿಲ್ಲಿಸಬೇಕು, ಅಷ್ಟೇ. ಆ ಶೆಲ್ಫಿನ ವಿಷಯ ಮನೆಯಲ್ಲಿ ಈಗಲೂ ಎತ್ತುವ ಹಾಗಿಲ್ಲ.

ಲೀಕ್ ವಿಷಯಕ್ಕೆ ಬರ್ತೀನಿ. ಮೊದಲ ತಪ್ಪು, ಒಂದು ವರ್ಕ್‌ಶಾಪಿಗೆ ಕೊಟ್ಟಿದ್ದು. ಎರಡು ವಾರ ಇಟ್ಟುಕೊಂಡರು. ವ್ಯಾಕ್ಯೂಮಿನಿಂದ ಮುಚ್ಚಳ ಎಳೆಯುವ ಮುಂದಿನ ಎರಡು ಆಕ್ಚುಯೇಟರ್ ಬದಲಾಯಿಸಿ 600 ಡಾಲರ್ ಬಿಲ್ ಹಾಕಿದರು. ಮನೆಗೆ ತಂದು ನಿಲ್ಲಿಸಿದೆ. 20 ನಿಮಿಷಕ್ಕೆ ಎಡಗಣ್ಣು ತೆರೆಯಿತು. ಹಳೆಯ ಆಕ್ಚುಯೇಟರುಗಳನ್ನು ಆಮೇಲೆ ಕೈಪಂಪ್ ಹಚ್ಚಿ ನೋಡಿದೆ. ಎರಡೂ 20 ಇಂಚು ವ್ಯಾಕ್ಯೂಮ್ (ಪಾದರಸದ ಅಳತೆ) ಹಿಡಿದು ರಾತ್ರಿಯಿಡೀ ಅಲ್ಲಾಡಲಿಲ್ಲ. ಹೊಟ್ಟೆ ಉರಿಯಿತು.

ಆಮೇಲೆ ನಾನೇ ಕೈ ಹಾಕಿದೆ. ಮಡ್‌ಗಾರ್ಡ್ ಒಳಗೆ ವ್ಯಾಕ್ಯೂಮ್ ಕೂಡಿಡುವ ಡಬ್ಬಿಯ ತಳ ತುಕ್ಕು ಹಿಡಿದು ಜರಡಿಯಾಗಿತ್ತು. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರೀತಾರಲ್ವಾ, ಹಿಂದಿನ ಓನರ್ ಆಗಲೂ ಓಡಿಸಿದ್ದಿರಬೇಕು. ನಾನಂತೂ ರಾಜ್ಯೋತ್ಸವದ ಊಟಕ್ಕೆ ಹೋಗಿ ಬಂದರೆ ಮುಗೀತು, ಏಪ್ರಿಲ್ ತನಕ ಹೊರಗೆ ತೆಗೆಯುವುದಿಲ್ಲ. ಹೊಸ ಡಬ್ಬಿಗೆ 80 ಡಾಲರ್ ಕೇಳಿದರು. 4 ಇಂಚಿನ ಪಿವಿಸಿ ಪೈಪ್ ತುಂಡು, ಎರಡು ಕ್ಯಾಪ್, ಎರಡು ನಿಪ್ಪಲ್ ತಂದೆ. 14-15 ಡಾಲರಿಗೆ ನನ್ನ ಡಬ್ಬಿ ರೆಡಿ. ಕಪ್ಪು ಬಣ್ಣ ಬಳಿದೆ, ಯಾರಿಗೂ ಗೊತ್ತಾಗುವುದಿಲ್ಲ. ಇಂಜಿನ್ ನಿಂತ ಮೇಲೆ ವ್ಯಾಕ್ಯೂಮ್ ಹೋಗದ ಹಾಗೆ ತಡೆಯುವ ಚೆಕ್ ವಾಲ್ವನ್ನೂ ಬದಲಾಯಿಸಿದೆ. 20 ನಿಮಿಷ ಇದ್ದದ್ದು ಎರಡು ಗಂಟೆಗೆ ಬಂತು. ಅಲ್ಲಿಗೆ ನಿಂತಿತು. ಸುಮಾರು 60 ಡಾಲರಿನ ಹೊಸ ಪೈಪ್ ಎಳೆದೆ. ಮತ್ತೆ ಎರಡೇ ಗಂಟೆ.

ಮಧ್ಯೆ ಒಂದು ಬೇರೆ ಹುಚ್ಚು ಹಿಡಿಯಿತು. ಈ 400 ಕ್ಯೂಬಿಕ್ ಇಂಚಿನ ಇಂಜಿನ್ 6.6 ಲೀಟರ್ ಇದ್ದೂ 160 ಎಚ್‌ಪಿ ಆಸುಪಾಸು ಕೊಡುತ್ತದೆ. ಹೊಗೆ ನಿಯಮ ಬಂದ ಮೇಲೆ ಕ್ಯಾಮ್ ಟೈಮಿಂಗನ್ನು, ಅಂದರೆ ಇಂಜಿನ್ನಿನ ವಾಲ್ವ್ ತೆರೆದು ಮುಚ್ಚುವ ಹೊತ್ತನ್ನು, ಹಿಂದಕ್ಕೆ ಸರಿಸಿಟ್ಟಿದ್ದರು. ನಾನು ಹಳೆ ಮಾದರಿಯ, ಸರಿಸದೇ ಇರುವ ಟೈಮಿಂಗ್ ಸೆಟ್ ಹಾಕಿದೆ. ಮೂರು ಶನಿವಾರ ಹೋಯಿತು, ಬೆರಳ ಚರ್ಮವೂ ಹೋಯಿತು. ಮೊದಲು ಲೀಟರಿಗೆ ನಾಲ್ಕು ಚಿಲ್ಲರೆ ಕಿಲೋಮೀಟರ್ ಕೊಡುತ್ತಿತ್ತು, ಈಗ ಹೈವೇಯಲ್ಲಿ ಐದು ದಾಟುತ್ತದೆ. ಊರಿಂದ ಯಾರು ಫೋನ್ ಮಾಡಿದರೂ ಮೈಲೇಜ್ ಎಷ್ಟು ಅಂತಲೇ ಕೇಳೋದು. ಐದು ಅಂತ ಹೇಳಿ ಮಾತು ಬದಲಾಯಿಸುತ್ತೇನೆ. ಟ್ಯಾಂಕ್ ತುಂಬಿಸಿದರೆ 80 ಡಾಲರ್ ಆಗುತ್ತದೆ ಅಂತ ಹೇಳುವುದಿಲ್ಲ.

ಹೊಗೆಯ ಯೋಚನೆ ಬಂದದ್ದು ಒಂದು ಶುಕ್ರವಾರ ಸಂಜೆ. ಹೆಂಡತಿ ಸಾಂಬ್ರಾಣಿ ಹಾಕಿದ್ದಳು. ಹೊಗೆ ದೇವರ ಮನೆಯ ಬಾಗಿಲ ಸಂದಿಯಲ್ಲಿ ಗೆರೆ ಎಳೆದ ಹಾಗೆ ಹೊರಗೆ ಬರುತ್ತಿತ್ತು. ಸಂದಿ ಇರುವುದೇ ಅಲ್ಲಿ ಅಂತ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಲೀಕ್ ಹುಡುಕುವ ಸ್ಮೋಕ್ ಮೆಷಿನ್ ಸಿಗುತ್ತದೆ, ಗೊತ್ತು. ಆದರೆ ಅದಕ್ಕೆ ಮತ್ತೆ ನೂರಾರು ಡಾಲರ್ ಯಾಕೆ?

ಖಾಲಿ ಪೇಂಟ್ ಡಬ್ಬಿಯೊಳಗೆ ಕೆಂಡ, ಮೇಲೆ ಸಾಂಬ್ರಾಣಿ. ಮುಚ್ಚಳಕ್ಕೆ ಎರಡು ತೂತು. ಒಂದಕ್ಕೆ ಮಗಳ ಮೀನಿನ ತೊಟ್ಟಿಯ ಏರ್ ಪಂಪ್. ಮೀನು ಅರ್ಧ ಗಂಟೆ ಸುಧಾರಿಸಿಕೊಳ್ಳಲಿ ಅಂತ. ಇನ್ನೊಂದರಿಂದ ಗಾಡಿಯ ವ್ಯಾಕ್ಯೂಮ್ ಲೈನಿಗೆ 15 ಅಡಿ ಪೈಪ್. ಕೆಂಡ ಅಂಗಳದಲ್ಲೇ ಇರಬೇಕು, ಗ್ಯಾರೇಜಿನೊಳಗೆ ಬೇಡ. ಬ್ಯಾಟರಿ ಕೇಬಲ್ ತೆಗೀರಿ, ಹೊಗೆಯನ್ನು ಚೆಕ್ ವಾಲ್ವಿನ ಈಚೆ, ಹೆಡ್‌ಲೈಟಿನ ಕಡೆಯಿಂದ ಬಿಡಿ, ಕಾರ್ಬ್ಯುರೇಟರ್ ಕಡೆಗೆ ಬೇಡವೇ ಬೇಡ. ಒತ್ತಡ ಜಾಸ್ತಿ ಆದರೆ ಆಕ್ಚುಯೇಟರಿನೊಳಗಿನ ಚೆನ್ನಾಗಿರುವ ರಬ್ಬರ್ ಪೊರೆಯೂ ಹರಿಯುತ್ತದೆ, ಮೀನಿನ ಪಂಪ್ ಸಾಕು. ಮೊದಲ ಸಲ ಸಾಂಬ್ರಾಣಿಯ ಜಿಡ್ಡು ಪೈಪಿಗೆ ಅಂಟಿ ಸ್ಪಿರಿಟ್ ಹಾಕಿ ತೊಳೆಯಬೇಕಾಯಿತು. ಎರಡನೇ ಸಲ ಜಿಡ್ಡು ಮಧ್ಯದಲ್ಲೇ ಉಳಿಯುವ ಹಾಗೆ ಒಂದು ಉಪಾಯ ಮಾಡಿದೆ. ಅಡುಗೆಮನೆಯ ವಸ್ತುವೇ. ಅದು ಮಾತ್ರ ನನ್ನ ಹತ್ತಿರವೇ ಇರಲಿ.

ಗೆಳೆಯನೊಬ್ಬ ಪಕ್ಕದಲ್ಲಿ ಕಾಫಿ ಹಿಡಿದುಕೊಂಡು ನಗುತ್ತಾ ನಿಂತಿದ್ದ. ಗಾಡಿಗೆ ದೃಷ್ಟಿ ತೆಗೀತಿದ್ದೀಯಾ ಅಂತ. ನಾವಿಬ್ಬರೂ ಹೆಡ್‌ಲೈಟ್ ಕಡೆಗೇ ನೋಡುತ್ತಿದ್ದೆವು. ಎರಡು ನಿಮಿಷ, ಮೂರು ನಿಮಿಷ, ಏನೂ ಇಲ್ಲ. ಆಗ ಅವನೇ ಹೇಳಿದ, ಒಳಗೆ ಏನೋ ವಾಸನೆ ಬರ್ತಿದೆಯಲ್ಲೋ ಅಂತ. ಬಾಗಿಲು ತೆಗೆದು ನೋಡಿದರೆ ಸ್ಟೀರಿಂಗ್ ಕಂಬದ ಕೆಳಗಿಂದ ಸಣ್ಣಗೆ ಹೊಗೆ!

ಡ್ರೈವ್ ಗೇರಿಗೆ ಹಾಕಿದ ತಕ್ಷಣ ಪಾರ್ಕಿಂಗ್ ಬ್ರೇಕ್ ತಾನಾಗಿ ಬಿಡುತ್ತದಲ್ಲ, ಅದರ ವ್ಯಾಕ್ಯೂಮ್ ವಾಲ್ವ್ ಅದು. ಹೆಡ್‌ಲೈಟಿಗೂ ಅದಕ್ಕೂ ಏನು ಸಂಬಂಧ? ಹಿಂದಿನ ಯಾವನೋ ಪುಣ್ಯಾತ್ಮ ಅದರ ಪೈಪನ್ನು ತಂದು ಹೆಡ್‌ಲೈಟಿನ ಲೈನಿಗೆ ಟಿ ಆಕಾರದ ಜಾಯಿಂಟ್ ಹಾಕಿ ಸೇರಿಸಿದ್ದ. ಕಂಪನಿಯ ಚಿತ್ರ ನೋಡಿ ಹುಡುಕಿದವರಿಗೆ ಅದು ಹೇಗೆ ಸಿಗಬೇಕು? ಟಿ ಕಿತ್ತು ಹಾಕಿದೆ. ಗುಜರಿಯಲ್ಲಿ 20 ಡಾಲರಿಗೆ ಒಂದು ವಾಲ್ವ್ ಸಿಕ್ಕಿತು. ಬ್ರೇಕಿನ ಲೈನು ಬೇರೆ, ಕಣ್ಣಿನ ಲೈನು ಬೇರೆ ಮಾಡಿದೆ.

ಒಟ್ಟು ಖರ್ಚು ಸಾವಿರ ಡಾಲರ್ ಹತ್ತಿರ, ಟೈಮಿಂಗ್ ಸೆಟ್ ಸೇರಿಸಿ. ಅದರಲ್ಲಿ ಈ ರೋಗಕ್ಕೆ ನಿಜವಾಗಿ ಬೇಕಾಗಿದ್ದು 50 ಇರಬಹುದು. ಮೋಟರ್ ಹಾಕು ಅಂದಿದ್ದ ಒಬ್ಬ ಆಗಸ್ಟಿನಲ್ಲಿ ವುಡ್‌ವರ್ಡ್ ಡ್ರೀಮ್ ಕ್ರೂಸ್ ದಿನ, ಅಂದರೆ ಇಲ್ಲಿಯ ಹಳೆ ಕಾರುಗಳ ಜಾತ್ರೆಯ ದಿನ, ಸಿಕ್ಕಿದ. ಬೆಳಿಗ್ಗೆ ನಿಲ್ಲಿಸಿದ ಗಾಡಿ ಸಂಜೆಯ ತನಕ ಕಣ್ಣು ತೆರೆಯಲಿಲ್ಲ. ಅವನು ನಾಲ್ಕು ಸಲ ಬಂದು ನೋಡಿ ಹೋದ. ನಾನು ಸುಮ್ನೆ ಕುರ್ಚಿ ಹಾಕಿಕೊಂಡು ಕೂತಿದ್ದೆ.

ಕಾರಿನೊಳಗೆ ಈಗಲೂ ಗರ್ಭಗುಡಿಯ ವಾಸನೆ ಹೋಗಿಲ್ಲ. ವೆಲೂರ್ ಸೀಟು ಹಿಡಿದುಕೊಂಡುಬಿಟ್ಟಿದೆ. ಇನ್ನು ಕ್ರೂಸ್ ಕಂಟ್ರೋಲ್ ಬಾಕಿ, 60 ಮೈಲಿಯಲ್ಲಿ ಹಾಕಿದರೆ ನಿಧಾನವಾಗಿ 52ಕ್ಕೆ ಇಳಿಯುತ್ತದೆ. ಅದೂ ವ್ಯಾಕ್ಯೂಮಿನದೇ. ಸಾಂಬ್ರಾಣಿ ಇನ್ನೂ ಅರ್ಧ ಪ್ಯಾಕೆಟ್ ಇದೆ.