ಮೇಲೆ ತಿರುಗಿಸಿದೆ, ಕೆಳಗೆ ಜಾರಿತ್ತು

ಮೂರು ಭಾನುವಾರ, ಎರಡು ಡಬ್ಬಿ ಪೆಲೆಟ್ (ಏರ್ ಗನ್ನಿನ ಸಣ್ಣ ಗುಂಡು). ಏರ್ ರೈಫಲ್‌ಗೆ ಸ್ಕೋಪ್, ಅಂದರೆ ಗುರಿ ನೋಡುವ ದುರ್ಬೀನು, ಹಾಕಿಸಿದ ಮೇಲೆ ನಾನು ದಂಡ ಕಟ್ಟಿದ ಲೆಕ್ಕ ಇದು.

ನನ್ನದು ನಳಿಗೆ ಬಗ್ಗಿಸಿ ಪೆಲೆಟ್ ಹಾಕುವ ಸ್ಪ್ರಿಂಗ್ ಗನ್. ನಳಿಗೆಯ ಒಳ ಅಳತೆ .177 ಇಂಚು, ಅಂದರೆ 4.5 ಮಿ.ಮೀ. ಈ ಅಳತೆ ಮೀರದೆ, ಶಕ್ತಿ 20 ಜೌಲ್ ದಾಟದೆ ಇದ್ದರೆ 2016ರ ಶಸ್ತ್ರಾಸ್ತ್ರ ನಿಯಮದಂತೆ ಲೈಸೆನ್ಸ್ ಬೇಡ. ಗುರಿ ಅಭ್ಯಾಸ ಚಿತ್ರದುರ್ಗದ ಹೊರಗೆ, ಹೊಳಲ್ಕೆರೆ ರಸ್ತೆಯ ಕಡೆ ಇರುವ ಸೋದರಮಾವನ ತೆಂಗಿನ ತೋಟದಲ್ಲಿ. "ಕೋತಿ ಹೊಡೆಯೋಕಾ?" ಅಂತ ನೋಡಿದವರೆಲ್ಲ ಕೇಳುತ್ತಾರೆ. ಅಲ್ಲ, ಕಾಗದ ಹೊಡೆಯೋಕೆ. ಕೋತಿ, ಹಕ್ಕಿ ಕಡೆ ನಾನು ಗನ್ ತಿರುಗಿಸುವವನಲ್ಲ.

ಮೊದಲ ದಿನವೇ ಒಂದು ಪೆದ್ದುತನ ಮಾಡಿದೆ. ನಮ್ಮೂರಲ್ಲಿ ಬಂಡೆಗೆ ಬರವೇ? ತೋಟದ ಅಂಚಿನ ಒಂದು ಬಂಡೆಗೆ ಕಾಗದ ಅಂಟಿಸಿ ಹೊಡೆದೆ. ಕಾಗದಕ್ಕೆ ತಾಗದ ಪೆಲೆಟ್ ಬಂಡೆಗೆ ಬಡಿದು ವಾಪಸ್ ಬಂತು. ಕಿವಿ ಪಕ್ಕ ಸುಂಯ್ ಅಂದದ್ದು ಈಗಲೂ ನೆನಪಿದೆ. ಈಗ ಮರಳು ತುಂಬಿದ ಗೊಬ್ಬರದ ಚೀಲ ಇಡುತ್ತೇನೆ, ಅದರ ಹಿಂದೆ ಮಣ್ಣಿನ ಬದು. ಕಣ್ಣಿಗೆ ಕನ್ನಡಕ ಇಲ್ಲದೆ ಕೂರುವುದಿಲ್ಲ.

ಸ್ಕೋಪ್ ಕೊಂಡ ಅಂಗಡಿಯಲ್ಲೇ ಕೂರಿಸಿ ಕೊಟ್ಟಿದ್ದರು. 25 ಮೀಟರಿಗೆ ಐದು ಗುಂಡು ಹೊಡೆದೆ. ಐದೂ ನಡುಚುಕ್ಕಿಯಿಂದ ಸುಮಾರು 4 ಸೆಂ.ಮೀ. ಕೆಳಗೆ ಬಿದ್ದಿದ್ದವು. ಖುಷಿಯಾಯಿತು. ಒಂದೇ ಕಡೆ ಬೀಳುತ್ತಿದ್ದರೆ ಉಳಿದದ್ದು ಬರೀ ಲೆಕ್ಕ ಅಲ್ವಾ? ಸ್ಕೋಪಿನ ಮೇಲಿನ ನಾಬ್‌ನಲ್ಲಿ ಕಾಲು ಎಂಓಎ ಎಂದು ಬರೆದಿತ್ತು, ಅದು ಕೋನದ ಒಂದು ಅಳತೆ. ಅಂದರೆ ಒಂದು ಕ್ಲಿಕ್ಕಿಗೆ 100 ಗಜದ ದೂರದಲ್ಲಿ ಗುಂಡು ಹತ್ತಿರ ಹತ್ತಿರ ಕಾಲು ಇಂಚು ಸರಿಯುತ್ತದೆ. 25 ಮೀಟರಿಗೆ ಅದು ಎರಡು ಮಿ.ಮೀ.ಗೂ ಸ್ವಲ್ಪ ಕಡಿಮೆ. 4 ಸೆಂ.ಮೀ.ಗೆ 22 ಕ್ಲಿಕ್. ಬಾಣದ ಗುರುತು 'ಅಪ್' ಅಂದ ಕಡೆ ತಿರುಗಿಸಿದೆ. ಮುಂದಿನ ಐದು ಗುಂಡು ಸರಿಯಾಗಿ ಚುಕ್ಕಿಗೇ ಬಿದ್ದವು. ಚಹಾ ಕುಡಿದು ಬಂದು ಇನ್ನೊಂದಿಪ್ಪತ್ತು ಹೊಡೆದೆ. ಗುಂಪು ಮತ್ತೆ ಕೆಳಗೆ, ಜೊತೆಗೆ ಬಲಕ್ಕೆ.

ಅಲ್ಲಿಂದ ಶುರುವಾಯಿತು ನೋಡಿ ತಿರುಗಿಸಾಟ. ಎಂಟು ಮೇಲೆ, ಆರು ಎಡಕ್ಕೆ, ಮತ್ತೆ ಹತ್ತು ಮೇಲೆ. ಒಂದು ಸಲ ಸರಿಹೋಗುತ್ತಿತ್ತು, ಹತ್ತು ಗುಂಡಿಗೆ ಮತ್ತೆ ಕೈಕೊಡುತ್ತಿತ್ತು. ಮೂರನೇ ಭಾನುವಾರ ಮೇಲಿನ ನಾಬ್ ಕೊನೆ ಮುಟ್ಟಿತು, ಮುಂದೆ ತಿರುಗಲಿಲ್ಲ. ಸ್ಕೋಪೇ ಡಬ್ಬಾ ಅಂತ ತೀರ್ಮಾನ ಮಾಡಿ ಬಯ್ಯುತ್ತಾ ಕೂತಿದ್ದೆ.

ಮಾವ ಬೋರ್‌ವೆಲ್ ಪಂಪ್ ರಿಪೇರಿಯವರು. ಗನ್ ಕೈಗೆ ತೆಗೆದುಕೊಂಡು ಕನ್ನಡಕ ಮೇಲೇರಿಸಿ ನೋಡಿದರು. ಸ್ಕೋಪಿನೊಳಗೆ ಅಲ್ಲ, ಕೆಳಗೆ, ಸ್ಕೋಪನ್ನು ಹಿಡಿದಿಡುವ ಮೌಂಟ್ ಕಚ್ಚಿಕೊಂಡಿರುವ ಗನ್ನಿನ ಹಳಿಯನ್ನು.

"ಲೋ ಅಳಿಯಾ, ನೀನು ಮೇಲಿಂದು ತಿರುಗಿಸ್ತೀಯ, ಕೆಳಗಿಂದು ಜಾರ್ತೈತೆ ನೋಡೋ" ಅಂದರು.

ಹಳಿಯ ಕಪ್ಪು ಬಣ್ಣದ ಮೇಲೆ, ಮೌಂಟಿನ ಮುಂದೆಯೇ, ಮೂರು ಮಿ.ಮೀ. ಉದ್ದದ ಹೊಳೆಯುವ ಗೀರು. ಮೌಂಟ್ ಅಷ್ಟು ಹಿಂದಕ್ಕೆ ಬಂದಿತ್ತು. "ಪಾಯದ ಬೋಲ್ಟ್ ಲೂಸಾದ ಮೋಟ್ರಿಗೆ ಅಲೈನ್‌ಮೆಂಟ್ ಮಾಡಿದಂಗಾತು ನಿನ್ ಕತೆ" ಅಂತ ನಕ್ಕರು. ಮೂರು ವಾರ ನಾನು ಕಣ್ಣಿಟ್ಟದ್ದೆಲ್ಲ ಗಾಜಿನೊಳಗೆ, ಹಳಿಯ ಕಡೆ ಒಂದು ಸಲವೂ ನೋಡಿರಲಿಲ್ಲ.

ಸ್ಪ್ರಿಂಗ್ ಗನ್ನಿನ ಒದೆತ ವಿಚಿತ್ರ. ಸ್ಪ್ರಿಂಗ್ ಬಿಟ್ಟಾಗ ಗನ್ ಮೊದಲು ಹಿಂದಕ್ಕೆ ಬರುತ್ತದೆ, ಒಳಗಿನ ಪಿಸ್ಟನ್ ಹೋಗಿ ಬಡಿದಾಗ ಜಗ್ಗಿದ ಹಾಗೆ ಮುಂದಕ್ಕೆ ಹೋಗುತ್ತದೆ. ಈ ಎರಡನೇ ಏಟಿಗೆ ಗನ್ ಮುಂದೆ ಹೋಗಿ ಸ್ಕೋಪ್ ಹಿಂದೆ ಉಳಿಯುತ್ತದೆ. ಇದನ್ನು ತಡೆಯದ ಸ್ಕೋಪ್ ಒಳಗೇ ಕೆಡುವುದೂ ಉಂಟು. ಕೊಳ್ಳುವಾಗ ಏರ್ ಗನ್‌ಗೆ ಮಾಡಿದ್ದು ಅಂತ ಕೇಳಿಯೇ ತೆಗೆದುಕೊಳ್ಳಿ.

ಎಲ್ಲ ಬಿಚ್ಚಿದೆವು. ಹಳಿಗೆ ಎಣ್ಣೆ ಬಳಿದಿದ್ದರು, ಜಾರದೆ ಏನಾದೀತು! ಬಟ್ಟೆಗೆ ಪೆಟ್ರೋಲ್ ಹಾಕಿ ಹಳಿ, ಮೌಂಟ್ ಎರಡನ್ನೂ ಒರೆಸಿದೆವು. ಎರಡು ಬಿಡಿ ರಿಂಗಿನ ಹಳೇ ಮೌಂಟ್ ತೆಗೆದು ಒಂದೇ ತುಂಡಿನ ಮೌಂಟ್ ತಂದೆ. ಅದರ ಕೆಳಗೊಂದು ಸಣ್ಣ ಪಿನ್ ಇರುತ್ತದೆ, ಹಳಿಯ ಹಿಂಬದಿಯ ತೂತಿಗೆ ಇಳಿಯುವಂಥದ್ದು. ಹಳೇ ಮೌಂಟಿನಲ್ಲಿ ಪಿನ್ನೇ ಇರಲಿಲ್ಲ. ಸ್ಕೋಪ್ ಕೂರಿಸುವ ಮೊದಲು ಮೇಲಿನದು, ಪಕ್ಕದ್ದು ಎರಡೂ ನಾಬ್‌ಗಳನ್ನು ಈ ತುದಿಯಿಂದ ಆ ತುದಿಗೆ ಎಣಿಸುತ್ತಾ ತಿರುಗಿಸಿ, ಅರ್ಧ ಎಣಿಕೆಗೆ ತಂದು ನಿಲ್ಲಿಸಿದೆ.

ಮುಂದಿನದು ನನಗೆ ಇಷ್ಟವಾದ ಕೆಲಸ. ತೆಂಗಿನ ಮರಕ್ಕೆ ಗಾರೆಯವರ ತೂಗುಗುಂಡು ಇಳಿಬಿಟ್ಟೆವು. ಗನ್ ಅನ್ನು ಮರಳಿನ ಚೀಲದ ಮೇಲೆ ಮಟ್ಟವಾಗಿ ಕೂರಿಸಿ, ಸ್ಕೋಪಿನೊಳಗೆ ಕಾಣುವ ಉದ್ದಗೆರೆ ಆ ದಾರದ ಮೇಲೆ ಸರಿಯಾಗಿ ಕೂರುವವರೆಗೆ ಕೊಳವೆ ತಿರುಗಿಸಿದೆ. ಗೆರೆ ಓರೆಯಾಗಿದ್ದರೆ ಮೇಲೆ ತಿರುಗಿಸಿದ ಕ್ಲಿಕ್ ಪಕ್ಕಕ್ಕೂ ಎಳೆಯುತ್ತದೆ. ಕೆನ್ನೆ ಸಹಜವಾಗಿ ಇಟ್ಟಾಗ ಸುತ್ತ ಕಪ್ಪು ನೆರಳಿಲ್ಲದೆ ಪೂರ್ತಿ ಚಿತ್ರ ಕಾಣಬೇಕು. ನನಗೆ ಅದು ಕಣ್ಣಿಂದ ಸುಮಾರು 8 ಸೆಂ.ಮೀ. ದೂರಕ್ಕೆ ಸಿಕ್ಕಿತು. ಸ್ಕ್ರೂಗಳನ್ನು ಎದುರುಬದುರು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದೆವು, ಕಾರಿನ ಚಕ್ರದ ಬೋಲ್ಟ್ ಬಿಗಿಯುವ ಹಾಗೆ. ಜಾಸ್ತಿ ಬಿಗಿದರೆ ಕೊಳವೆ ನಜ್ಜುತ್ತದೆ.

ಸ್ಕೋಪಿನ ಕಣ್ಣಿನ ಕಡೆ ಇರುವ ತಿರುಗುವ ರಿಂಗನ್ನು ಬಿಳಿ ಗೋಡೆ ನೋಡಿ ಹೊಂದಿಸಿದೆ, ಗೆರೆ ಚೂಪಾಗುವವರೆಗೆ. ಸ್ಕೋಪಿನ ಮುಂತುದಿಯ ರಿಂಗ್ ಗುರಿಯ ದೂರದ ಲೆಕ್ಕಕ್ಕೆ. 25ಕ್ಕೆ ಇಟ್ಟು, ಗನ್ ಅಲುಗಿಸದೆ ತಲೆ ಮಾತ್ರ ಅತ್ತಿತ್ತ ಆಡಿಸಿ ನೋಡಿದೆ. ಗೆರೆ ಗುರಿಯ ಮೇಲೆ ಈಜಾಡಿದರೆ ಇನ್ನೂ ಸರಿಯಾಗಿಲ್ಲ ಅಂತ ಅರ್ಥ.

ಈ ಸಲ 10 ಮೀಟರಿಂದ ಶುರು ಮಾಡಿದೆ. ಅಷ್ಟು ಹತ್ತಿರಕ್ಕೆ ಕಾಗದ ತಪ್ಪುವುದಿಲ್ಲ. ಆಮೇಲೆ 25ಕ್ಕೆ ಹೋಗಿ, ಐದು ಗುಂಡಿಗೊಮ್ಮೆ ಮಾತ್ರ ನಾಬ್ ಮುಟ್ಟಿದೆ. ಒಂದೊಂದು ಗುಂಡಿಗೂ ತಿರುಗಿಸುವುದು ಸುಮ್ನೆ ವೇಸ್ಟು. ನಡುವೆ ಗನ್ನಿನ ಮುಂಭಾಗ ಕಲ್ಲಿನ ಮೇಲಿಟ್ಟು ನೋಡಿದೆ, ಗುಂಪೆಲ್ಲ ಮೇಲಕ್ಕೆ ಹೋಯಿತು. ಸ್ಪ್ರಿಂಗ್ ಗನ್ನು ಬಿಗಿ ಹಿಡಿತ, ಗಟ್ಟಿ ಆಸರೆ ಎರಡನ್ನೂ ಸಹಿಸುವುದಿಲ್ಲ. ಚೀಲದ ಮೇಲೆ ಅಂಗೈ, ಅಂಗೈ ಮೇಲೆ ಗನ್, ಸಡಿಲವಾಗಿ.

ಈಗ 25ಕ್ಕೆ ಚುಕ್ಕಿ, 10ಕ್ಕೆ ನಾಲ್ಕೈದು ಮಿ.ಮೀ. ಕೆಳಗೆ, 5 ಮೀಟರಿಗೆ ಎರಡು ಸೆಂ.ಮೀ.ನಷ್ಟು ಕೆಳಗೆ. ಹತ್ತಿರಕ್ಕೆ ಹೋದಷ್ಟೂ ಕೆಳಗೆ ಬೀಳುವುದು ನೋಡಿ ಮಾವನಿಗೆ ನಂಬಿಕೆಯೇ ಬರಲಿಲ್ಲ. ಸ್ಕೋಪ್ ನಳಿಗೆಗಿಂತ 4 ಸೆಂ.ಮೀ. ಎತ್ತರದಲ್ಲಿದೆ, ಗುಂಡು ಆ ಎತ್ತರಕ್ಕೆ ಏರಿ ಬರಲು ದೂರ ಬೇಕು. ಈ ಅಂಕಿಗಳನ್ನು ಚೀಟಿಯಲ್ಲಿ ಬರೆದು ಗನ್ನಿನ ಹಿಡಿಗೆ ಟೇಪ್ ಹಾಕಿ ಅಂಟಿಸಿದ್ದೇನೆ.

ಉಳಿದದ್ದು ಗಾಳಿ. ಗಾಳಿಯಂತ್ರಗಳನ್ನು ಗುಡ್ಡದ ಮೇಲೆ ಸಾಲಾಗಿ ನಿಲ್ಲಿಸಿರುವ ಊರು ನಮ್ಮದು. ಆಷಾಢದಲ್ಲಿ ಪಡುವಣ ಗಾಳಿ ಬೀಸಿದರೆ ಹಗುರ ಪೆಲೆಟ್ 25 ಮೀಟರಿಗೇ ಎರಡು ಮೂರು ಸೆಂ.ಮೀ. ಪಕ್ಕಕ್ಕೆ ಹೋಗುತ್ತದೆ. ಅದಕ್ಕೆ ನಾನು ನಾಬ್ ಮುಟ್ಟುವುದಿಲ್ಲ. ಬೆಳಗ್ಗೆ ಏಳಕ್ಕೆ ಮುಂಚೆ ಹೋಗುತ್ತೇನೆ, ಗರಿ ಅಲುಗಾಡಲು ಶುರುವಾದರೆ ಗನ್ ಚೀಲಕ್ಕೆ ಹಾಕುತ್ತೇನೆ. ಮೌಂಟಿನ ಹಿಂದೆ ಹಳಿಯ ಮೇಲೆ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆದಿದ್ದೇನೆ. ಮೌಂಟ್ ಅದನ್ನು ಇನ್ನೂ ದಾಟಿಲ್ಲ.