ಹೊಸ ಡಾಂಬರಿನ ಡ್ರೈವ್‌ವೇಗೆ ಮೊದಲ ಚಳಿಗಾಲ

ಪುಣೆಯ ಕೋಥ್ರೂಡ್‌ನಲ್ಲಿ ನಮ್ಮ ಕಡೆ ಕನ್ನಡದ ಮನೆಗಳಿಗೇನೂ ಬರವಿಲ್ಲ. ಆ ಮನೆಗಳ ಮಕ್ಕಳಲ್ಲಿ ಅರ್ಧಕ್ಕರ್ಧ ಅಮೆರಿಕ, ಕೆನಡಾ ಸೇರಿದ್ದಾರೆ. ನವರಾತ್ರಿ ಮುಗಿಯುತ್ತಿದ್ದಂತೆ ಯಾರಾದರೊಬ್ಬರು ಕೇಳುವುದುಂಟು: ‘ಮಗ ಟೊರಾಂಟೊ ಕಡೆ ಮನಿ ತೊಗೊಂಡಾನ್ರಿ, ಬೀದಿಯಿಂದ ಗ್ಯಾರೇಜಿಗೆ ಹೋಗೋ ಡ್ರೈವ್‌ವೇಕ್ಕ ಹೊಸಾ ಡಾಂಬರು ಹಾಕಿಸ್ಯಾನ. ಇನ್ನ ಬರ್ಫ ಬೀಳ್ತದ. ಮ್ಯಾಲೆ ಏನರೆ ಹಚ್ಚಬೇಕೇನು?’ ನನ್ನ ನೌಕರಿಯೆಲ್ಲ ಪುಣೆ ಸುತ್ತಿನ ರಸ್ತೆ ಕೆಲಸದಲ್ಲೇ ಕಳೆಯಿತು, ಮಗಳ ಸಂಸಾರ ಮಿನೆಸೋಟಾದಲ್ಲಿದೆ. ಹಾಗಾಗಿ ಈ ಪ್ರಶ್ನೆ ನನ್ನ ಬಾಗಿಲಿಗೇ ಬರುತ್ತದೆ. ಉತ್ತರವನ್ನು ಒಮ್ಮೆ ಸಾವಕಾಶವಾಗಿ ಬರೆದಿಟ್ಟರೆ ಮಕ್ಕಳಿಗೆ ಕಳಿಸಲಿಕ್ಕೂ ಅನುಕೂಲ.

ಏನೂ ಹಚ್ಚಬೇಡಿ. ಈ ಬೇಸಿಗೆಯಲ್ಲಿ ಹಾಕಿಸಿದ ಡಾಂಬರಿಗೆ ಈ ಚಳಿಗಾಲದೊಳಗೇ ಸೀಲರ್, ಅಂದರೆ ಮೇಲ್ಮೈ ಕಾಯುವ ಲೇಪ, ಬಳಿಯುವ ಅವಸರ ಬೇಡವೇ ಬೇಡ. ರೋಲರ್ ಓಡಿದ ಮರುದಿನವೇ ಅದು ಗಟ್ಟಿಯಾದಂತೆ ಕಾಣುತ್ತದೆ, ಎರಡು ಮೂರು ದಿನಕ್ಕೆ ಕಾರನ್ನೂ ಹೊರುತ್ತದೆ. ಆದರೆ ಒಳಗಿನ ತೆಳು ಎಣ್ಣೆಯಂಶ ಹಾರಿಹೋಗಿ, ಗಾಳಿ ತಗುಲಿ ಬಿಟುಮೆನ್ (ಜಲ್ಲಿಯನ್ನು ಹಿಡಿದಿಡುವ ಕಪ್ಪು ಅಂಟು) ಪೂರ್ತಿ ಬಿಗಿಯಾಗುವುದಕ್ಕೆ ಆರು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ. ಅಷ್ಟರೊಳಗೆ ಮೇಲೊಂದು ಪದರ ಬಳಿದರೆ ಆ ಎಣ್ಣೆ ಒಳಗೇ ಉಳಿದು ಡಾಂಬರು ಮೆತ್ತಗಿರುತ್ತದೆ, ಬಳಿದದ್ದೂ ಸರಿಯಾಗಿ ಹಿಡಿಯದೆ ಸುಲಿದು ಬರುತ್ತದೆ. ಅನುಮಾನವಿದ್ದರೆ ಒಂದು ತಂಬಿಗೆ ನೀರು ಸುರಿದು ನೋಡಿ. ನೀರಿನ ಮೇಲೆ ಬಣ್ಣಬಣ್ಣದ ಎಣ್ಣೆಯ ಉಂಗುರ ಎದ್ದರೆ ಇನ್ನೂ ಕಾಯಬೇಕು. ಕಪ್ಪು ಹೋಗಿ ಬೂದುಬಣ್ಣ ತಿರುಗಿ, ನೀರು ಉಂಗುರವಿಲ್ಲದೆ ಸಮನಾಗಿ ಹರಡಿದರೆ ಬಳಿಯಬಹುದು. ಅದನ್ನೂ ಮುಂದಿನ ಬೇಸಿಗೆಗೆ ಇಟ್ಟುಕೊಳ್ಳಿ, ಯಾಕೆಂದರೆ ಸೀಲರ್ ಹಿಡಿಯಬೇಕಾದರೆ ಹಗಲು ರಾತ್ರಿ ಎರಡೂ ಹೊತ್ತು 10 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿಗೆ ಇರಬೇಕು, ಮಳೆ ಇರಬಾರದು. ಕಲ್ಲಿದ್ದಲಿನ ಟಾರಿನಿಂದ ಮಾಡಿದ ಸೀಲರ್ ಮಾತ್ರ ಮನೆಗೆ ತರಬೇಡಿ. ಅದರಲ್ಲಿ ಕ್ಯಾನ್ಸರ್ ತರುವ ಅಂಶಗಳಿವೆ, ತೊಳೆದುಹೋಗಿ ಕೆರೆಗಳಿಗೆ ಸೇರುತ್ತವೆ. ಮಿನೆಸೋಟಾದಲ್ಲಿ 2014ರಿಂದ ಅದಕ್ಕೆ ನಿಷೇಧವಿದೆ.

ಹಾಗಾದರೆ ಮಾಡಬೇಕಾದ್ದೇನು? ನೀರಿನ ದಾರಿ ನೋಡಿಕೊಳ್ಳುವುದು. ಒಣಗಿದ ಡಾಂಬರು ಎಂಥ ಚಳಿಯನ್ನಾದರೂ ಬಹುಮಟ್ಟಿಗೆ ತಡೆಯುತ್ತದೆ. ಒದ್ದೆಯಾದರೆ ಕಥೆ ಬೇರೆ. ನೀರು ಹೆಪ್ಪುಗಟ್ಟುವಾಗ ಸುಮಾರು 9% ಹಿಗ್ಗುತ್ತದೆ. ತುಂಬಿದ ಗಾಜಿನ ಬಾಟಲಿ ಫ್ರೀಜರಿನಲ್ಲಿ ಒಡೆಯುವಂತೆಯೇ ಬಿರುಕಿನಲ್ಲಿ ನಿಂತ ನೀರು ಬಿರುಕನ್ನು ಅಗಲ ಮಾಡುತ್ತದೆ. ಮಧ್ಯಾಹ್ನ ಕರಗಿ ಇನ್ನಷ್ಟು ಆಳಕ್ಕಿಳಿಯುತ್ತದೆ, ರಾತ್ರಿ ಮತ್ತೆ ಹಿಗ್ಗುತ್ತದೆ. ಇದು ಮೇಲಿನ ಮಾತಾಯಿತು. ಕೆಳಗಿನ ಮಣ್ಣು ಸಣ್ಣ ಕಣದ್ದಾಗಿದ್ದು ತೇವ ಹಿಡಿದಿದ್ದರೆ ಅಲ್ಲಿಯೂ ಮಂಜುಗಡ್ಡೆಯ ಪದರ ಕಟ್ಟಿ ಇಡೀ ಡ್ರೈವ್‌ವೇಯನ್ನೇ ಅಲ್ಲಲ್ಲಿ ಮೇಲಕ್ಕೆತ್ತುತ್ತದೆ. ನಮ್ಮ ಪುಣೆಯ ಕರಿಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿದು ರಸ್ತೆ ಕೆಡಿಸುತ್ತದಲ್ಲ, ಅಲ್ಲಿ ಆ ಕೆಲಸವನ್ನು ಮಂಜುಗಡ್ಡೆ ಮಾಡುತ್ತದೆ. ಇಲ್ಲಿಯ ಜಂಗಲಿ ಮಹಾರಾಜ ರಸ್ತೆಯನ್ನು 1976ರಲ್ಲಿ ಹತ್ತು ವರ್ಷದ ಗ್ಯಾರಂಟಿ ಕೊಟ್ಟು ಮಾಡಿದರು. ಗ್ಯಾರಂಟಿ ಮುಗಿದು ಎಷ್ಟೋ ಮಳೆಗಾಲ ಕಳೆದರೂ ಅದು ಗುಂಡಿ ಬೀಳದ ರಸ್ತೆ ಎಂದೇ ಹೆಸರಾಯಿತು. ಬುಡ ಗಟ್ಟಿಯಿದ್ದು ನೀರು ನಿಲ್ಲದಿದ್ದರೆ ಡಾಂಬರು ಎಷ್ಟು ಬಾಳುತ್ತದೆಂದು ನೋಡಬೇಕಾದವರು ಅಲ್ಲಿ ನಡೆದು ಬರಬಹುದು.

ಅಕ್ಟೋಬರಿನಲ್ಲಿ, ಹಿಮಕ್ಕೆ ಮುಂಚೆ, ಬಿಸಿಲಿರುವ ಒಂದು ದಿನ ಪೈಪು ಹಿಡಿದು ಡ್ರೈವ್‌ವೇ ಪೂರ್ತಿ ತೋಯಿಸಲು ಮಗನಿಗೆ ಹೇಳಿ. ಒಂದು ತಾಸು ಬಿಟ್ಟು ಹೋಗಿ ನೋಡಲಿ. ಉಳಿದದ್ದೆಲ್ಲ ಒಣಗಿ, ಎಲ್ಲಿ ಇನ್ನೂ ನೀರು ನಿಂತಿದೆಯೋ ಅದರ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದು ಫೋಟೊ ತೆಗೆದಿಟ್ಟುಕೊಳ್ಳಲಿ. ಅಂಗೈಯಗಲದ, ನಾಣ್ಯದಷ್ಟು ದಪ್ಪದ ನೀರಿಗೆ ಹೆದರಬೇಕಾಗಿಲ್ಲ. ತಟ್ಟೆಯಗಲ ಗುಂಡಿಯಾಗಿ ನಿಂತಿದ್ದರೆ, ಅಥವಾ ನೀರು ಗ್ಯಾರೇಜಿನ ಕಡೆಗೇ ವಾಪಸು ಬರುತ್ತಿದ್ದರೆ, ಕಂಟ್ರಾಕ್ಟರನನ್ನು ಆಗಲೇ ಕರೆಸಬೇಕು. ಪ್ರತಿ 50 ಅಡಿಗೆ ಒಂದು ಅಡಿಯಾದರೂ ಇಳಿಜಾರು ಇರಬೇಕೆಂಬುದು ನಮ್ಮ ಕೆಲಸದ ಲೆಕ್ಕ. ಚಳಿ ಜೋರಾದ ಮೇಲೆ ಆ ಕಡೆ ಡಾಂಬರು ಬೇಯಿಸುವ ಪ್ಲಾಂಟುಗಳೇ ಬಾಗಿಲು ಹಾಕುತ್ತವೆ, ಆಮೇಲೆ ಕೇಳಿದರೆ ವಸಂತದವರೆಗೆ ಯಾರೂ ಬರುವುದಿಲ್ಲ.

ಮಾಳಿಗೆಯ ನೀರಿನ ಪೈಪು ಡ್ರೈವ್‌ವೇ ಮೇಲೆ ಸುರಿಯುತ್ತಿದ್ದರೆ ಉದ್ದ ಮಾಡಿಸಿ ಹುಲ್ಲಿನ ಕಡೆ ತಿರುಗಿಸಿ. ನೆಲಮಾಳಿಗೆಯ ಪಂಪಿನ ನೀರಿಗೂ ಇದೇ ಮಾತು. ಮೇಪಲ್ ಎಲೆ ಉದುರಿ ರಾಶಿಯಾಗುತ್ತದಲ್ಲ, ನೋಡಲಿಕ್ಕೆ ಚೆಂದವೇ, ಆದರೆ ಅದರಡಿಯಲ್ಲಿ ವಾರಗಟ್ಟಲೆ ತೇವ ಕೂತಿರುತ್ತದೆ, ಗುಡಿಸಿ ತೆಗೆಯಬೇಕು.

ಇನ್ನು ಅಂಚು. ಹೊಸ ಡ್ರೈವ್‌ವೇ ಎಲ್ಲಕ್ಕಿಂತ ಮೊದಲು ಒಡೆಯುವುದು ಅಂಚಿನಲ್ಲಿ, ಹೆಚ್ಚಿನವರು ನೋಡದ ಜಾಗವೂ ಅದೇ. ಎರಡು ಮೂರು ಇಂಚು ದಪ್ಪದ ಡಾಂಬರಿನ ಬದಿಗೆ ಆಸರೆ ಇರುವುದಿಲ್ಲ. ಕಾರಿನ ಗಾಲಿ ಅಂಚಿಗೆ ಬಂದರೆ ಅಷ್ಟುದ್ದ ತುಂಡು ಕಳಚುತ್ತದೆ, ಅಲ್ಲಿಂದ ನೀರು ಬುಡಕ್ಕೆ ಹೋಗುತ್ತದೆ. ಎರಡೂ ಬದಿಗೆ ಮಣ್ಣು ತುಂಬಿಸಿ ಕಾಲಲ್ಲಿ ತುಳಿದು ಬಿಗಿ ಮಾಡಬೇಕು. ಮಣ್ಣಿನ ಮಟ್ಟ ಡಾಂಬರಿಗಿಂತ ಒಂದು ಬೆರಳು ಕೆಳಗಿರಲಿ. ಮೇಲಿದ್ದರೆ ಅದೇ ಕಟ್ಟೆಯಾಗಿ ನೀರನ್ನು ಒಳಗೆ ನಿಲ್ಲಿಸುತ್ತದೆ. ಇದಕ್ಕೆ ಖರ್ಚಿಲ್ಲ, ಒಂದು ಭಾನುವಾರದ ಕೆಲಸ. ಇಡೀ ಬರಹದಲ್ಲಿ ಒಂದೇ ಕೆಲಸ ಮಾಡಲು ಪುರುಸೊತ್ತಿದೆ ಎನ್ನುವವರಿಗೆ ನಾನು ಇದನ್ನೇ ಹೇಳುವುದು. ಗ್ಯಾರೇಜಿನ ಕಾಂಕ್ರೀಟು ಡಾಂಬರಿಗೆ ಸೇರುವ ಸಂದಿಯನ್ನೂ ಹಾಗೆಯೇ ಬಗ್ಗಿ ನೋಡಿ. ಪೆನ್ಸಿಲ್ ಹೋಗುವಷ್ಟು ಅಗಲವಿದ್ದರೆ ಕಸ ಕೆದರಿ ತೆಗೆದು, ಒಣಗಿದ ಮೇಲೆ ರಬ್ಬರಿನ ಗುಣವಿರುವ ಕ್ರ್ಯಾಕ್ ಫಿಲ್ಲರ್ ತುಂಬಿ. ಕೂದಲೆಳೆಯಂಥ ಗೆರೆಗಳಿಗೆ ಈಗ ಕೈ ಹಾಕಬೇಡಿ.

ಅಕ್ಟೋಬರ್ ಕೊನೆಗೆ ಲಾರಿ ತಂದು ಬಾಗಿಲು ತಟ್ಟಿ, ‘ಪಕ್ಕದ ಬೀದಿಯ ಕೆಲಸದಲ್ಲಿ ಡಾಂಬರು ಉಳಿದಿದೆ, ಅಗ್ಗಕ್ಕೆ ಒಂದು ಪದರ ಹಾಕಿಕೊಡುತ್ತೇವೆ’ ಎನ್ನುವವರು ಆ ದೇಶಗಳಲ್ಲಿ ಇದ್ದಾರೆ. ಕೈ ಮುಗಿದು ಕಳಿಸಿಬಿಡಿ. ಡಾಂಬರು ಹರಡುವಾಗ 140 ಡಿಗ್ರಿಯ ಆಸುಪಾಸಿನಲ್ಲಿರಬೇಕು, 90ಕ್ಕೆ ಇಳಿಯುವ ಮೊದಲು ರೋಲರ್ ಕೆಲಸ ಮುಗಿಯಬೇಕು. ತೆಳ್ಳಗೆ ಹರಡಿದ್ದು ತಣ್ಣನೆ ಗಾಳಿಯಲ್ಲಿ ನಿಮಿಷಗಳಲ್ಲೇ ಆರಿಹೋಗುತ್ತದೆ, ಒತ್ತಿದರೂ ಕೂರುವುದಿಲ್ಲ. ಅದು ಮೊದಲ ಚಳಿಗಾಲದಲ್ಲೇ ಜಲ್ಲಿ ಜಲ್ಲಿಯಾಗಿ ಎದ್ದು ಬರುತ್ತದೆ.

ಎಣ್ಣೆ ಕಲೆ ಬಿದ್ದರೆ ನಮ್ಮವರ ಕೈ ಸೀಮೆಎಣ್ಣೆಯ ಕಡೆಗೆ ಹೋಗುತ್ತದೆ. ದಯವಿಟ್ಟು ಬೇಡ. ಸೀಮೆಎಣ್ಣೆ, ಪೆಟ್ರೋಲು, ಡೀಸೆಲ್ ಮೂರೂ ಬಿಟುಮೆನ್ನನ್ನು ಕರಗಿಸುತ್ತವೆ. ಮರಳು ಅಥವಾ ಮರದ ಹೊಟ್ಟು ಉದುರಿಸಿ ಹೀರಿಸಿ, ಆಮೇಲೆ ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ತಿಕ್ಕಿ. ನಿಂತ ಕಾರಿನ ಸ್ಟೀರಿಂಗ್ ತಿರುಗಿಸುವುದನ್ನೂ ಮೊದಲ ವರ್ಷ ಬಿಡಬೇಕು. ಏಪ್ರಿಲ್ ಮಧ್ಯಾಹ್ನ ಹೊಸ ಡಾಂಬರಿನ ಮೇಲೆ ಸ್ಕೂಟರ್ ಸೈಡ್ ಸ್ಟ್ಯಾಂಡ್ ಹಾಕಿದರೆ ಅದು ಬೆರಳುದ್ದ ಇಳಿಯುವುದನ್ನು ಪುಣೆಯವರೆಲ್ಲ ಕಂಡಿದ್ದೇವೆ. ಅದಕ್ಕೇ ಇಲ್ಲಿ ಸ್ಟ್ಯಾಂಡಿನ ಕೆಳಗೆ ಒಂದು ಹಲಗೆ ಇಡುತ್ತೇವೆ. ಅಲ್ಲಿಯೂ ಏಣಿ, ಟ್ರೇಲರ್ ಕಾಲು ಊರುವಾಗ ಹಲಗೆ ಇಟ್ಟರೆ ಹೊಂಡ ಬೀಳುವುದಿಲ್ಲ. ಆ ಹೊಂಡದಲ್ಲೇ ನಾಳೆ ಮಂಜುಗಡ್ಡೆ ಕಟ್ಟುವುದು.

ಹಿಮ ಬಿದ್ದ ಮೇಲೆ ತೆಗೆಯುವ ರೀತಿ ಮುಖ್ಯ. ಅಂಚು ಕಾಣುವಾಗಲೇ, ನೆಲ ಹೆಪ್ಪುಗಟ್ಟುವ ಮೊದಲೇ, ಎರಡೂ ಬದಿಗೆ ಎತ್ತರದ ಕಡ್ಡಿಗಳನ್ನು ನೆಟ್ಟಿರಬೇಕು. ಇಲ್ಲದಿದ್ದರೆ ಪ್ಲವ್ (ಹಿಮ ತಳ್ಳುವ ಗಾಡಿ) ಓಡಿಸುವವನ ಬ್ಲೇಡು ಅಂಚನ್ನೇ ಎಬ್ಬಿಸಿಕೊಂಡು ಹೋಗುತ್ತದೆ. ಸಲಿಕೆ ಪ್ಲಾಸ್ಟಿಕ್ಕಿನದಿರಲಿ. ಹಿಮ ಎತ್ತಿ ಎಸೆಯುವ ಯಂತ್ರ, ಸ್ನೋಬ್ಲೋವರ್, ಇದ್ದರೆ ಬ್ಲೇಡು ನೆಲಕ್ಕೆ ಅರ್ಧ ಇಂಚು ಮೇಲಿರುವಂತೆ ಹೊಂದಿಸಿ. ಬಿದ್ದ ದಿನವೇ ತೆಗೆದರೆ ಕೆರೆಯುವ ಪ್ರಸಂಗ ಬರುವುದಿಲ್ಲ. ತೆಗೆದ ಹಿಮವನ್ನು ಡ್ರೈವ್‌ವೇಗಿಂತ ಎತ್ತರದ ಕಡೆ ರಾಶಿ ಹಾಕಿದರೆ ಅದು ಕರಗಿ ಮತ್ತೆ ಡಾಂಬರಿನ ಮೇಲೇ ಹರಿಯುತ್ತದೆ, ತಗ್ಗಿನ ಕಡೆ ಹಾಕಿ.

ಉಪ್ಪಿನ ವಿಷಯದಲ್ಲಿ ಜನರಿಗೆ ಗೊಂದಲವಿದೆ. ಕಾಂಕ್ರೀಟಿಗೆ ಮಾಡುವಷ್ಟು ಹಾನಿಯನ್ನು ಉಪ್ಪು ಡಾಂಬರಿಗೆ ಮಾಡುವುದಿಲ್ಲ. ಆದರೆ ಅದು ಮಂಜುಗಡ್ಡೆಯನ್ನು ಕರಗಿಸಿ ನೀರು ಮಾಡುತ್ತದೆ, ಆ ನೀರು ಒಳಗಿಳಿದು ಮತ್ತೆ ಗಡ್ಡೆಯಾಗುತ್ತದೆ. ಸಾಧಾರಣ ಕಲ್ಲುಪ್ಪು ಮೈನಸ್ 9 ಡಿಗ್ರಿಯ ಕೆಳಗೆ ಹೆಚ್ಚು ಕೆಲಸವನ್ನೂ ಮಾಡುವುದಿಲ್ಲ. ಮೈನಸ್ 20ರ ಬೆಳಿಗ್ಗೆ ಬಕೆಟ್ಟುಗಟ್ಟಲೆ ಸುರಿದು ಫಲವೇನು? ಮೊದಲ ಚಳಿಗಾಲಕ್ಕೆ ಮರಳು ಉದುರಿಸುವುದೇ ಒಳ್ಳೆಯದು, ಕಾಲಿಗೂ ಗಾಲಿಗೂ ಹಿಡಿತ ಸಿಗುತ್ತದೆ. ಜಾರಿ ಬೀಳುವ ಭಯವಿರುವ ಕಡೆ, ಅಂದರೆ ವಯಸ್ಸಾದ ನಮ್ಮಂಥವರು ಹೋಗಿ ಉಳಿದಿರುವಾಗ ಬಾಗಿಲ ಮುಂದೆ, ಉಪ್ಪು ಹಾಕಲೇಬೇಕು. ಡಾಂಬರಿಗಿಂತ ಸೊಂಟದ ಮೂಳೆ ದೊಡ್ಡದು.

ಹಿಮ ಕರಗುವ ಮಾರ್ಚ್, ಏಪ್ರಿಲ್‌ನಲ್ಲಿ ಹೆಚ್ಚು ಎಚ್ಚರ ಬೇಕು. ಮೇಲೆ ಒಣಗಿದಂತೆ ಕಂಡರೂ ಬುಡದ ಜಲ್ಲಿ, ಮಣ್ಣು ನೀರು ಕುಡಿದು ಮೆತ್ತಗಿರುತ್ತವೆ. ಒಂಟಾರಿಯೊ, ಮಿನೆಸೋಟಾಗಳಲ್ಲಿ ಸರ್ಕಾರವೇ ಆ ವಾರಗಳಲ್ಲಿ ಎಷ್ಟೋ ರಸ್ತೆಗಳ ಮೇಲೆ ಲಾರಿಗಳ ಭಾರ ಕಡಿಮೆ ಮಾಡಿಸುತ್ತದೆ. ಮನೆ ಸಾಮಾನಿನ ಟ್ರಕ್ಕು, ಕಸದ ದೊಡ್ಡ ಡಬ್ಬ, ಇಟ್ಟಿಗೆ ತುಂಬಿದ ಗಾಡಿ, ಇವನ್ನು ಮೇ ತಿಂಗಳವರೆಗೆ ಡ್ರೈವ್‌ವೇ ಮೇಲೆ ಬಿಡಬೇಡಿ, ಬೀದಿಯಲ್ಲೇ ನಿಲ್ಲಿಸಿ. ನೆಲ ಪೂರ್ತಿ ಒಣಗಿದ ಮೇಲೆ ಅಕ್ಟೋಬರಿನ ಆ ಫೋಟೊ ತೆಗೆದು, ಅದೇ ರೀತಿ ನೀರು ಬಿಟ್ಟು, ಗೆರೆ ಎಳೆದು ಹೋಲಿಸಿ ನೋಡಲಿ. ನಿಂತ ನೀರು ಮೊದಲಿಗಿಂತ ಅಗಲವಾಗಿದ್ದರೆ ಬುಡ ಕುಸಿದಿದೆಯೆಂದೇ ಅರ್ಥ. ಗ್ಯಾರಂಟಿ ಕಾಗದ ಹಿಡಿದು ಕಂಟ್ರಾಕ್ಟರನ ಹತ್ತಿರ ಹೋಗಲಿಕ್ಕೆ ಆ ಎರಡು ಫೋಟೊ ಸಾಕು.