ಮರುಭೂಮಿಯ ಒರತೆಗೆ ನೀರು ಎಲ್ಲಿಂದ? ನಾನು ಹುಡುಕಿದ್ದು ಹೀಗೆ

ಅಮೆರಿಕದ ನೆವಾಡಾದ ಆಶ್ ಮೆಡೋಸ್‌ಗೆ ಮೊದಲ ಸಲ ಹೋದದ್ದು ಜೂನ್‌ನಲ್ಲಿ. ಸುತ್ತ ಉಪ್ಪು ಹಿಡಿದ ಬಿಳಿ ನೆಲ, ನಡುವೆ ಕ್ರಿಸ್ಟಲ್ ಪೂಲ್ ಅನ್ನೋ ನೀಲಿ ಕೊಳ. ಅದರ ತಳದಿಂದ ನಿಮಿಷಕ್ಕೆ ಸುಮಾರು 10 ಸಾವಿರ ಲೀಟರ್ ಬೆಚ್ಚನೆ ನೀರು ಉಕ್ಕುತ್ತದೆ. ನಮ್ಮೂರಲ್ಲಾದರೆ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನೀರು ನೋಡುವವರನ್ನು ಕರೆಸುತ್ತಿದ್ದರು. ನನ್ನ ಕೈಲಿದ್ದದ್ದು ಖಾಲಿ ಬಾಟಲಿಗಳು.

ನೀರಲ್ಲಿ ಹಗುರ, ಭಾರ ಎರಡೂ ಬಗೆಯ ಹೈಡ್ರೋಜನ್, ಆಕ್ಸಿಜನ್ ಇರುತ್ತವೆ. ಎತ್ತರದ ಬೆಟ್ಟದ ಹಿಮದಲ್ಲಿ ಭಾರದ್ದು ಕಡಿಮೆ, ಬೇಸಿಗೆ ಮಳೆಯಲ್ಲಿ ಜಾಸ್ತಿ. ಆಳಕ್ಕೆ ಇಳಿದ ಮೇಲೂ ಈ ಗುರುತು ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಒರತೆಯ ನೀರನ್ನು ಬೆಟ್ಟದ ನೀರಿನ ಪಕ್ಕ ಇಟ್ಟು ನೋಡಿದರೆ ನಂಟು ಸಿಗುತ್ತದೆ.

ಮೊದಲ ದಿನವೇ ಎಡವಟ್ಟು ಮಾಡಿಕೊಂಡೆ. ಬಿಸಿಲು ತಾಳಲಾರದೆ ಕೊಳದ ಅಂಚಲ್ಲೇ ಕೂತು ಬಾಟಲಿ ಮುಳುಗಿಸಿದೆ. ಅಲ್ಲಿ ನೀರು ಮೊಣಕಾಲುದ್ದವೂ ಇಲ್ಲ, ಹರಿಯುವುದೂ ಇಲ್ಲ. ಲ್ಯಾಬ್‌ನಿಂದ ಬಂದ ಅಂಕಿ ನೋಡಿದರೆ ಆಕ್ಸಿಜನ್-18, ಅಂದರೆ ಭಾರದ ಆಕ್ಸಿಜನ್, ಜಾಸ್ತಿ. ಮಳೆ, ಹಿಮದ ನೀರಿನ ಅಂಕಿಗಳು ಗ್ರಾಫ್‌ನಲ್ಲಿ ಒಂದು ಗೆರೆಯ ಮೇಲೆ ಕೂರುತ್ತವೆ; ನನ್ನದು ಅದರಿಂದ ಪಕ್ಕಕ್ಕೆ ಸರಿದಿದೆ. ನಾನು ಅಳೆದದ್ದು ಬಿಸಿಲಿಗೆ ಆವಿಯಾಗಿ ಉಳಿದ ನೀರನ್ನು, ಅಷ್ಟೇ.

ಎರಡನೇ ಸಲ ಕೋಲಿಗೆ ಸಣ್ಣ ಪೈಪು ಕಟ್ಟಿ, ನೀರು ಉಕ್ಕುವ ಬಾಯಿಗೇ ಇಳಿಸಿದೆ. ಅಲ್ಲಿನ ಪಪ್‌ಫಿಶ್‌ಗಳು ಅಳಿವಿನಂಚಿನಲ್ಲಿರುವ ಮೀನು, ಅವನ್ನು ಕದಡಬಾರದು. ಅದಕ್ಕೇ ಅಷ್ಟು ನಿಧಾನ. ಉಷ್ಣತೆ, ಪಿಎಚ್ ಏರಿಳಿಯದೆ ನಿಂತ ಮೇಲೆ ಬಾಟಲಿ ತುಂಬಿಸಿದೆ. ನೀರು ಹೊರಚೆಲ್ಲುವವರೆಗೆ ತುಂಬಿಸಿ, ಮುಚ್ಚಳ ಬಿಗಿದು, ತಲೆಕೆಳಗು ಮಾಡಿ ನೋಡಬೇಕು. ಸಾಸಿವೆಯಷ್ಟು ಗುಳ್ಳೆ ಕಂಡರೂ ಚೆಲ್ಲಿ ಮತ್ತೆ ಹಿಡಿದೆ. ಒಂದು ಬಾಟಲಿಗೆ ಆರು ಸಲ!

ಈ ಸಲ ಅಂಕಿ ಹಿಮದ ಕಡೆಗೇ ಬೆರಳು ತೋರಿಸಿತು. ಪೂರ್ವಕ್ಕಿರುವ ಸ್ಪ್ರಿಂಗ್ ಮೌಂಟನ್ಸ್‌ನ ಹಿಮ ಕರಗಿ, ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿದು ಬರುತ್ತದೆ. ಆಶ್ ಮೆಡೋಸ್ ಹತ್ತಿರ ಭೂಮಿಯ ಪದರ ಜಾರಿ, ನೀರು ಬಿಡದ ಜೇಡಿ ಅಡ್ಡ ಕೂತಿದೆ. ದಾರಿ ಕಟ್ಟಿದ ನೀರು ಮೇಲಕ್ಕೆ ಬರುತ್ತದೆ.

ಆದರೆ ಆ ಒಂದೇ ಬೆಟ್ಟದ ನೀರಾ? ಇಲ್ಲಿ ನನಗೆ ಪೂರ್ತಿ ಧೈರ್ಯವಿಲ್ಲ. ಕಾಲ ಕಳೆದಂತೆ ಕರಗುತ್ತಾ ಹೋಗುವ ಕಾರ್ಬನ್-14 ನೋಡಿ ನೀರಿನ ವಯಸ್ಸು ಅಂದಾಜು ಮಾಡುತ್ತಾರೆ. 1976ರಲ್ಲಿ ವಿಜ್ಞಾನಿಗಳಾದ ವಿನೊಗ್ರಾಡ್ ಮತ್ತು ಪಿಯರ್ಸನ್ ತೋರಿಸಿದ್ದು ಏನಂದರೆ, ಕ್ರಿಸ್ಟಲ್ ಪೂಲ್‌ನಲ್ಲಿ ಅದು ಅಕ್ಕಪಕ್ಕದ ಒರತೆಗಳಿಗಿಂತ ಸುಮಾರು ಐದು ಪಟ್ಟು ಇದೆ. ಒಂದೇ ಸಾಲಿನ ಒರತೆಗಳು! ನೆಲದೊಳಗೆ ಇದಕ್ಕೆ ಬೇರೆಯೇ ದೊಡ್ಡ ಕಾಲುವೆ ಇರಬಹುದು ಅಂತ ಅವರ ಊಹೆ. ಹಳೇ ಸುಣ್ಣಕಲ್ಲೂ ತನ್ನ ಕಾರ್ಬನ್ ಬೆರೆಸುವುದರಿಂದ ವಯಸ್ಸು ಅಂತ ಒಂದು ಅಂಕಿ ಬರೆದುಬಿಡಲು ಆಗುವುದಿಲ್ಲ.

ನನ್ನ ನೋಟ್‌ಬುಕ್ಕಲ್ಲಿ ವಯಸ್ಸಿನ ಕಾಲಂ ಇನ್ನೂ ಪೆನ್ಸಿಲ್‌ನಲ್ಲೇ ಇದೆ.